ಸಿಂಪಲ್ ಪ್ರೆಸೆಂಟ್ ಟೆನ್ಸ್ ಬರಬೇಕಾದರೆ ಕನ್ನಡದಲ್ಲಿ ಯೋಚಿಸುವುದನ್ನು ಬಿಡಬೇಕಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. ಸಿಂಪಲ್ ಪ್ರೆಸೆಂಟ್ ಟೆನ್ಸ್ ('ಐ ವರ್ಕ್', 'ಹೀ ವರ್ಕ್ಸ್' ಅನ್ನುವ ರೂಪ) ರೂಲ್ ಬಾಯಿಪಾಠ ಇದೆ, ಆದರೆ ಇಂಟರ್‌ವ್ಯೂನಲ್ಲಿ ಬಾಯಿ ತೆರೆದರೆ ತಪ್ಪಾಗುತ್ತದೆ ಅಂದಿದ್ದೀರಿ. ಕನ್ನಡದಲ್ಲಿ ಯೋಚಿಸುವುದನ್ನು ಬಿಟ್ಟರೆ ಮಾತ್ರ ಇಂಗ್ಲಿಷ್ ಬರುತ್ತದೆ ಅಂತ ನಿಮ್ಮ ಸರ್ ಹೇಳಿದ್ದಾರೆ. 12 ಟೆನ್ಸ್ ಕಲಿಸುವ 30 ದಿನದ ಕೋರ್ಸ್ ಸೇರಲಾ, ಮನೆಯಲ್ಲೇ ಕಲಿಯಲಾ ಅಂತ ಕೇಳಿದ್ದೀರಿ. ಹತ್ತು ವರ್ಷಕ್ಕೂ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ನಾನು ಓಡಾಡುತ್ತಿದ್ದೆ.

ನಾನು ಚಿತ್ರದುರ್ಗ ಜಿಲ್ಲೆಯವನು. ನಮ್ಮ ಕಾಲಕ್ಕೆ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು 5ನೇ ಕ್ಲಾಸಿಗೆ. 1ನೇ ಕ್ಲಾಸಿಗೇ ಇಂಗ್ಲಿಷ್ ತಂದದ್ದು 2007ರಲ್ಲಿ, ಅಷ್ಟು ಹೊತ್ತಿಗೆ ನಾನು ಕಾಲೇಜಿನಲ್ಲಿದ್ದೆ. ಬಿಎಸ್ಸಿ ಕೆಮಿಸ್ಟ್ರಿ ಮುಗಿಸಿ ಬೆಂಗಳೂರಿನ ಜಿಗಣಿ ಕಡೆ ಒಂದು ಔಷಧಿ ಕಂಪನಿಯ ಕ್ಯೂಸಿ ಲ್ಯಾಬ್, ಅಂದರೆ ಔಷಧಿಯ ಗುಣಮಟ್ಟ ಪರೀಕ್ಷಿಸುವ ಲ್ಯಾಬ್, ಸೇರಿದೆ. ಕೆಲಸ ಚೆನ್ನಾಗಿ ಗೊತ್ತಿತ್ತು. ತೂಕ, ಟೈಟ್ರೇಶನ್, ಎಚ್‌ಪಿಎಲ್‌ಸಿ, ಲ್ಯಾಬಿನ ಯಾವ ಪರೀಕ್ಷೆಗೂ ಹೆದರುತ್ತಿರಲಿಲ್ಲ. ಮೂರು ವರ್ಷಕ್ಕೆ ಆಡಿಟ್ (ಲ್ಯಾಬಿನ ಕೆಲಸ, ದಾಖಲೆ ಸರಿಯಾಗಿದೆಯಾ ಅಂತ ಹೊರಗಿನವರು ಬಂದು ನೋಡುವುದು) ಬಂದಾಗ ಆಡಿಟರ್ ಮುಂದೆ ನಿಂತು ಉತ್ತರ ಕೊಡುವವರ ಪಟ್ಟಿಯಲ್ಲಿ ನನ್ನ ಹೆಸರೂ ಬಂತು. ಅದು ನಮ್ಮಲ್ಲಿ ದೊಡ್ಡ ಮಾತು. ಅದಾದ ಮೇಲೆ ಮೂರು ವಾರ ಜರ್ಮನಿಗೆ ಹೋಗುವ ಕೆಲಸವೂ ನನಗೇ ಅಂತ ಮಾತಾಗಿತ್ತು. ಇದು 2013ರ ಮಾತು.

ಆಡಿಟರ್ ಯುರೋಪಿನವರು, ವಯಸ್ಸಾದವರು, ತುಂಬ ಸೌಮ್ಯ ಮನುಷ್ಯ. ಲ್ಯಾಬಿಗೆ ಬಂದಾಗ ಮಧ್ಯಾಹ್ನ ಹನ್ನೆರಡರ ಹತ್ತಿರ. ತೂಕದ ಬ್ಯಾಲೆನ್ಸ್ ಮುಂದೆ ನಿಂತು, ಇದನ್ನು ಯಾರು ಚೆಕ್ ಮಾಡುತ್ತಾರೆ ಅಂತ ಕೇಳಿದರು. ಹೂ ಚೆಕ್ಸ್ ದಿಸ್ ಬ್ಯಾಲೆನ್ಸ್?

ನಾನು: "ಐ ವಿಲ್ ಚೆಕ್, ಸರ್."

ಯಾವಾಗ ಅಂತ ಕೇಳಿದರು.

"ಬಿಫೋರ್ ಯೂಸ್ ಐ ವಿಲ್ ಚೆಕ್ ವಿತ್ ಸ್ಟ್ಯಾಂಡರ್ಡ್ ವೇಟ್ಸ್. ದೆನ್ ಐ ವಿಲ್ ರೈಟ್ ಇನ್ ದ ಲಾಗ್‌ಬುಕ್."

ಅವರು ತಲೆಯಾಡಿಸಿ ಲಾಗ್‌ಬುಕ್ ತೆಗೆದರು. ಅದರಲ್ಲಿ ಆ ದಿನದ ಎಂಟ್ರಿ ಆಗಲೇ ಇತ್ತು. ಬೆಳಿಗ್ಗೆ 9:10, ಓದಿದ ತೂಕಗಳು, ನನ್ನ ಸಹಿ. ಅವರು ನನ್ನ ಮುಖ ನೋಡಿದರು. ಚೆಕ್ ಮಾಡುತ್ತೇನೆ, ಬರೆಯುತ್ತೇನೆ ಅಂತ ನೀನು ಹೇಳಿದೆ, ಆದರೆ ಪುಸ್ತಕದಲ್ಲಿ ಆಗಲೇ ಬರೆದಿದೆಯಲ್ಲ ಅಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಗಾಬರಿಯಲ್ಲಿ ಅದನ್ನೇ ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಹೇಳಿದೆ. "ಯೆಸ್ ಸರ್, ಡೈಲಿ ಐ ವಿಲ್ ಚೆಕ್, ಐ ವಿಲ್ ರೈಟ್."

ಔಷಧಿ ಕಂಪನಿಯಲ್ಲಿ ಕೆಲಸ ಮಾಡದವರಿಗೆ ಇದರ ಭಾರ ಗೊತ್ತಾಗುವುದಿಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಕೆಲಸ ಮಾಡಿದ ಆ ಕ್ಷಣವೇ ಬರೆಯಬೇಕು. ಇಂಕಿನಲ್ಲಿ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಎಳೆದು, ಸಹಿ ಹಾಕಿ, ತಾರೀಕು ಹಾಕಬೇಕು. ಮಾಡದ ಕೆಲಸವನ್ನು ಮುಂಚೆಯೇ ಬರೆದಿಟ್ಟರೆ ಅದು ಸುಳ್ಳು ದಾಖಲೆ. ಇದಕ್ಕಿಂತ ದೊಡ್ಡ ತಪ್ಪು ಲ್ಯಾಬಿನಲ್ಲಿ ಇನ್ನೊಂದಿಲ್ಲ. ನಾನು ಬೆಳಿಗ್ಗೆ ಬಂದು, ಬ್ಯಾಲೆನ್ಸ್‌ನ ಮಟ್ಟ ತೋರಿಸುವ ಗುಳ್ಳೆ ಮಧ್ಯದಲ್ಲಿದೆಯಾ ನೋಡಿ, ಚಿಮಟದಲ್ಲಿ ತೂಕದ ಬಿಲ್ಲೆ ಇಟ್ಟು, ಎಲ್ಲ ಸರಿಯಾಗಿ ಮಾಡಿ ಬರೆದಿದ್ದೆ. ಆದರೆ ಅವರ ಕಿವಿಗೆ ಬಿದ್ದದ್ದು ಬೇರೆ. ಈ ಹುಡುಗ ಇನ್ನೂ ಚೆಕ್ ಮಾಡಿಲ್ಲ, ಮುಂದೆ ಮಾಡುತ್ತಾನಂತೆ, ಆದರೆ ಸಹಿ ಮಾತ್ರ ಆಗಲೇ ಹಾಕಿದ್ದಾನೆ.

ಬ್ಯಾಲೆನ್ಸ್‌ಗೆ ಪ್ರಿಂಟರ್ ಇತ್ತು. ಟೈಮ್ ಸಮೇತ ಬರುವ ಆ ಚೀಟಿಯನ್ನು ಅಂಟಿಸಿದ್ದೆವು. ಅದು ನನ್ನನ್ನು ಉಳಿಸಿತು. ಆದರೆ ಅಷ್ಟರಲ್ಲಿ ಅವರಿಗೆ ಅನುಮಾನ ಬಂದಾಗಿತ್ತು. ಆ ಮಧ್ಯಾಹ್ನವೆಲ್ಲ ಲ್ಯಾಬಿನ ಒಂದೊಂದೇ ಲಾಗ್‌ಬುಕ್ ತೆಗೆಸಿದರು. ಬೇರೆ ಯಾವುದೋ ಪುಸ್ತಕದಲ್ಲಿ ಮೇಲಿನವರ ಸಹಿ ಬಿಟ್ಟುಹೋದ ಒಂದು ಪುಟ ಸಿಕ್ಕಿತು. ಅದು ಅಬ್ಸರ್ವೇಶನ್, ಅಂದರೆ ಆಡಿಟರ್ ಕಂಡ ಲೋಪ, ಅಂತ ರಿಪೋರ್ಟಿಗೆ ಹೋಯಿತು. ನನ್ನನ್ನು ಯಾರೂ ಬೈಯಲಿಲ್ಲ. ಆದರೆ ಮುಂದಿನ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಜರ್ಮನಿಗೆ ನನಗಿಂತ ಒಂದು ವರ್ಷ ಜೂನಿಯರ್ ಆಗಿದ್ದವನು ಹೋದ. ಪ್ರಮೋಶನ್ ಎರಡು ವರ್ಷ ತಡವಾಯಿತು.

ತಪ್ಪು ಏನು ಅಂತ ತಿಳಿಸಿದವರು ನಮ್ಮ ಕ್ಯೂಎ ವಿಭಾಗದ (ಕೆಲಸ ನಿಯಮದಂತೆ ನಡೆಯುತ್ತಿದೆಯಾ ಅಂತ ನೋಡುವ ವಿಭಾಗ) ಒಬ್ಬ ಮೇಡಂ. ಆಡಿಟ್ ನಡೆಯುವಾಗ ಒಬ್ಬರು ಪಕ್ಕದಲ್ಲಿ ನಿಂತು ಪ್ರಶ್ನೆ, ಉತ್ತರ ಎರಡನ್ನೂ ಇದ್ದಹಾಗೆ ಬರೆದುಕೊಳ್ಳುತ್ತಾರೆ, ಸ್ಕ್ರೈಬ್ ಅಂತಾರೆ. ಅವತ್ತು ಮೇಡಂ ಸ್ಕ್ರೈಬ್ ಆಗಿದ್ದರು. ಅವರು ಹಾಸನದ ಕಡೆಯವರು, ನನ್ನ ಹಾಗೇ ಕನ್ನಡ ಮೀಡಿಯಂನಲ್ಲೇ ಓದಿದವರು. ಒಂದು ವಾರ ಬಿಟ್ಟು ನನ್ನನ್ನು ಕರೆದು ಆ ಪುಟ ಮುಂದಿಟ್ಟರು. "ನೋಡಪ್ಪಾ, ಇದರಲ್ಲಿ ಎಷ್ಟು ವಿಲ್ ಇದೆ ಎಣಿಸು" ಅಂದರು. ಎಣಿಸಿದೆ. ಒಂದೇ ಪುಟದಲ್ಲಿ 14.

ನಾನು ಆವರೆಗೂ ಏನಂದುಕೊಂಡಿದ್ದೆ ಗೊತ್ತಾ? ನನ್ನ ಇಂಗ್ಲಿಷಿನ ತೊಂದರೆ ಅಂದರೆ ಹೀ, ಶೀ, ಇಟ್ ಬಂದಾಗ ಎಸ್ ಸೇರಿಸಲು ಮರೆಯುವುದು ಅಂತ. ಸರ್‌ಗಳೆಲ್ಲ ಕೆಂಪು ಇಂಕಿನಲ್ಲಿ ಸುತ್ತುತ್ತಿದ್ದುದು ಅದನ್ನೇ ಅಲ್ವಾ? ಎಸ್ ಬಿಟ್ಟರೆ ಕೇಳುವವರಿಗೆ ಕಿವಿಗೆ ಚುಚ್ಚಬಹುದು, ಅರ್ಥ ಕೆಡುವುದಿಲ್ಲ. 'ಹೀ ವರ್ಕ್ ಹಿಯರ್' ಅಂದರೂ ಅವನು ಇಲ್ಲಿ ಕೆಲಸ ಮಾಡುತ್ತಾನೆ ಅಂತ ತಿಳಿಯುತ್ತದೆ. ಆದರೆ 'ಐ ಚೆಕ್' ಅನ್ನಬೇಕಾದ ಕಡೆ 'ಐ ವಿಲ್ ಚೆಕ್' ಅಂದರೆ ಅರ್ಥವೇ ಬೇರೆ. ಮೊದಲನೆಯದು ನಡೆದುಕೊಂಡು ಬಂದಿರುವ ಕೆಲಸ. ಎರಡನೆಯದು ಕೊಟ್ಟ ಮಾತು, ಇನ್ನೂ ಆಗದ ಕೆಲಸ. ಯಾರು ಚೆಕ್ ಮಾಡ್ತಾರೆ ಅಂತ ಕೇಳಿದವರಿಗೆ 'ಐ ವಿಲ್ ಚೆಕ್' ಅಂದರೆ, ತಡೀರಿ ಮಾಡ್ತೀನಿ ಅಂದ ಹಾಗೆ ಕೇಳಿಸುತ್ತದೆ.

ಈ ತಪ್ಪು ಎಲ್ಲಿಂದ ಬಂತು ಅಂತ ನೋಡಿ. ನಾವು ಆಡುವ ಕನ್ನಡದಲ್ಲಿ 'ಮಾಡ್ತೀನಿ' ಅನ್ನುವುದಕ್ಕೆ ಎರಡು ಕೆಲಸ. 'ದಿನಾ ಮಾಡ್ತೀನಿ' ಅಂತಲೂ ಅನ್ನುತ್ತೇವೆ, 'ನಾಳೆ ಮಾಡ್ತೀನಿ' ಅಂತಲೂ ಅನ್ನುತ್ತೇವೆ. ಶಾಲೆಯ ವ್ಯಾಕರಣದಲ್ಲಿ ಭವಿಷ್ಯತ್ ಕಾಲಕ್ಕೆ 'ಮಾಡುವೆನು' ಅಂತ ಬೇರೆ ರೂಪ ಕಲಿತಿದ್ದೇವೆ, ಆದರೆ ಮನೆಯಲ್ಲಿ ಯಾರು ಹಾಗೆ ಮಾತಾಡುತ್ತಾರೆ? ಎರಡಕ್ಕೂ ಮಾಡ್ತೀನಿ ಒಂದೇ ಸಾಕು. ಇಂಗ್ಲಿಷ್‌ನಲ್ಲಿ ಅದು ಎರಡಾಗಿ ಒಡೆಯುತ್ತದೆ. ದಿನಾ ಅನ್ನುವುದಕ್ಕೆ 'ಐ ಡು', ನಾಳೆ ಅನ್ನುವುದಕ್ಕೆ 'ಐ ವಿಲ್ ಡು'. 'ಮಾಡ್ತೀನಿ' ಅಂದರೆ 'ಐ ವಿಲ್ ಡು' ಅಂತ ಒಂದೇ ಜೋಡಿ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. 'ಡೈಲಿ ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್', 'ಮೈ ಮದರ್ ವಿಲ್ ಕುಕ್ ವೆರಿ ವೆಲ್', ನಮ್ಮ ರೂಮಿನಲ್ಲಿದ್ದ ನಾಲ್ಕೂ ಜನ ಹೀಗೇ ಮಾತಾಡುತ್ತಿದ್ದೆವು. ನಮ್ಮ ನಮ್ಮಲ್ಲಿ ಅರ್ಥವಾಗುತ್ತಿತ್ತು, ಹಾಗಾಗಿ ತಪ್ಪು ಅಂತ ಗೊತ್ತೇ ಆಗಲಿಲ್ಲ.

'ಇಲ್ಲ' ಅನ್ನುವ ಕಡೆಯೂ ಇದೇ ಗೋಳು. 'ನಾನು ಕಾಫಿ ಕುಡಿಯಲ್ಲ' ಅಂದರೆ ಕುಡಿಯುವ ಅಭ್ಯಾಸವಿಲ್ಲ ಅಂತಲೂ ಆಗುತ್ತದೆ, ಈಗ ಕೊಟ್ಟರೆ ಬೇಡ ಅಂತಲೂ ಆಗುತ್ತದೆ. ಇಂಗ್ಲಿಷ್‌ನಲ್ಲಿ ಅಭ್ಯಾಸವಿಲ್ಲದ್ದಕ್ಕೆ 'ಐ ಡೋಂಟ್ ಡ್ರಿಂಕ್ ಕಾಫಿ'. 'ಐ ವೋಂಟ್' ಅಂದರೆ ಹಟ ಮಾಡಿದ ಹಾಗೆ ಕೇಳಿಸಬಹುದು. ನಾನು ಅವತ್ತು 'ವಿ ವೋಂಟ್ ಯೂಸ್ ಪೆನ್ಸಿಲ್' ಅಂತಲೂ ಹೇಳಿದ್ದೆ, ಅದೂ ಮೇಡಂ ಪುಟದಲ್ಲಿತ್ತು.

ನನಗೆ ಇನ್ನೊಂದು ಕಾರಣವೂ ಸೇರಿತ್ತು. ನಮ್ಮ ಎಸ್‌ಒಪಿಗಳಲ್ಲಿ (ಯಾವ ಕೆಲಸ ಹೇಗೆ ಮಾಡಬೇಕು ಅಂತ ಬರೆದಿಟ್ಟ ದಾಖಲೆ) ಎಲ್ಲ ಕಡೆ 'ಶಲ್' ಇರುತ್ತದೆ. 'ಅನಲಿಸ್ಟ್ ಶಲ್ ವೆರಿಫೈ'. ಅದು ಹೀಗೆ ಮಾಡತಕ್ಕದ್ದು ಅನ್ನುವ ನಿಯಮ. ಅದನ್ನೇ ಓದಿ ಓದಿ, ಮಾಡುವ ಕೆಲಸವನ್ನೂ ಹಾಗೇ ಹೇಳಬೇಕು ಅಂದುಕೊಂಡಿದ್ದೆ. ನಿಯಮ ಬೇರೆ, ನಾನು ದಿನಾ ಮಾಡುವುದು ಬೇರೆ, ಇವತ್ತು ಬೆಳಿಗ್ಗೆ ಮಾಡಿದ್ದು ಬೇರೆ. ಮೂರಕ್ಕೂ ಇಂಗ್ಲಿಷ್‌ನಲ್ಲಿ ಮೂರು ರೂಪ. 'ಶಲ್ ಚೆಕ್', 'ಚೆಕ್', 'ಚೆಕ್ಡ್'. ಕೊನೆಯದು ನನಗೆ 5ನೇ ಕ್ಲಾಸಿಂದಲೇ ಗೊತ್ತಿತ್ತು. 'ಐ ಚೆಕ್ಡ್ ಇಟ್ ಅಟ್ ನೈನ್ ಟೆನ್' ಅಂತ ಒಂದು ಮಾತು ಅವತ್ತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಮೇಡಂ ಹೇಳಿಕೊಟ್ಟದ್ದು ಇಷ್ಟೇ. "ಇಂಗ್ಲಿಷ್ ಮಾತಾಡೋಕೆ ಮುಂಚೆ ಕನ್ನಡದ ವಾಕ್ಯದ ಮುಂದೆ ಒಂದು ಪದ ಇಟ್ಟು ನೋಡು. 'ದಿನಾ' ಕೂತರೆ ವಿಲ್ ಬೇಡ. 'ನಾಳೆ' ಕೂತರೆ ವಿಲ್ ಹಾಕು. 'ಈಗ ಮಾಡ್ತಾ ಇದೀನಿ' ಅಂತ ಬಂದರೆ ಐಎನ್‌ಜಿ."

ಅದಕ್ಕೇ ನಿಮ್ಮ ಸರ್ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಯೋಚಿಸಬೇಡಿ ಅನ್ನುವುದು ಹೇಳಲು ಸುಲಭ, ಇಪ್ಪತ್ತು ವರ್ಷ ಯೋಚಿಸಿದ ಭಾಷೆಯನ್ನು ಯಾರು ಬಿಡುತ್ತಾರೆ? ಬಿಡಬೇಕಾಗಿಯೂ ಇಲ್ಲ. ನನಗೆ ದಾರಿ ತೋರಿಸಿದ್ದೇ ಕನ್ನಡ. ಇನ್ನೊಂದು ಉದಾಹರಣೆ ಕೊಡುತ್ತೇನೆ. 'ಐ ಆಮ್ ನೋಯಿಂಗ್', 'ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್', 'ಐ ಆಮ್ ವಾಂಟಿಂಗ್' ಅಂತ ತುಂಬ ಜನ ಹೇಳುತ್ತಾರೆ. ಕನ್ನಡವನ್ನೇ ಕೇಳಿ. 'ಗೊತ್ತು', 'ಇದ್ದಾರೆ', 'ಬೇಕು', 'ಇಷ್ಟ'. ಬೇಕು ಅನ್ನುವುದನ್ನು 'ಬೇಕ್ತಾ ಇದೆ' ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಅಂಥ ಕಡೆಯೆಲ್ಲ ಇಂಗ್ಲಿಷ್‌ನಲ್ಲೂ ಐಎನ್‌ಜಿ ಇಲ್ಲ. 'ಐ ನೋ', 'ಐ ಹ್ಯಾವ್', 'ಐ ವಾಂಟ್', 'ಐ ಲೈಕ್'. ಇಲ್ಲಿ ಕನ್ನಡವನ್ನು ನಂಬಿದವನೇ ಸರಿ ಹೇಳುತ್ತಾನೆ.

ಎಸ್ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಮಾಡ್ತೀನಿ, ಮಾಡ್ತೀಯ, ಮಾಡ್ತಾನೆ, ಮಾಡ್ತಾಳೆ, ಮಾಡುತ್ತೆ, ಮಾಡ್ತೀವಿ, ಮಾಡ್ತಾರೆ ಅಂತ ಏಳು ರೂಪ ನೀವು ನಿದ್ದೆಯಲ್ಲೂ ತಪ್ಪದೆ ಹೇಳುತ್ತೀರಿ. ಇಂಗ್ಲಿಷ್‌ನಲ್ಲಿ ಇರುವುದು ಎರಡೇ, 'ವರ್ಕ್' ಮತ್ತು 'ವರ್ಕ್ಸ್'. ಪ್ರಶ್ನೆಯಲ್ಲಿ 'ಡಸ್' ಬಂದರೆ ಎಸ್ ಅದರ ಮೇಲೆ ಹೋಯಿತು, ಆಮೇಲೆ ಬರುವ ಕ್ರಿಯಾಪದಕ್ಕೆ ಮತ್ತೆ ಬೇಡ. 'ಡಸ್ ಹೀ ವರ್ಕ್?' ಅಷ್ಟೇ. ಹೇಳುವಾಗ 'ವರ್ಕ್ಸ್'ನಲ್ಲಿ ಸ್, 'ಗೋಸ್' ಅಂತ ನಾವು ಬರೆಯುವುದರಲ್ಲಿ ಕೊನೆಗೆ ಜ್, 'ವಾಚಸ್' ಅನ್ನುವುದರಲ್ಲಿ ಇಜ್ ಕೇಳಿಸುತ್ತದೆ. ಇದು ಬಾಯಿಗೆ ಬರಲು ಎರಡು ವಾರ ಸಾಕು, ಮೊದಲ ದಿನವೇ ಇದರ ಹಿಂದೆ ಬೀಳಬೇಡಿ.

ಪ್ರೆಸೆಂಟ್ ಅನ್ನುವ ಹೆಸರನ್ನೂ ಜಾಸ್ತಿ ನಂಬಬೇಡಿ. ಈಗ ನಡೆಯುತ್ತಿರುವುದಕ್ಕೆ ಈ ಟೆನ್ಸ್ ಬರುವುದೇ ಕಡಿಮೆ. ದಿನಾ ನಡೆಯುವುದು, ಯಾವಾಗಲೂ ನಿಜವಾಗಿರುವುದು ಇದರ ಜಾಗ. ಟೈಮ್‌ಟೇಬಲ್‌ನಲ್ಲಿ ಇರುವುದಕ್ಕೂ ಇದೇ, ನಾಳೆಯ ರೈಲಾದರೂ 'ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್' ಅನ್ನಬಹುದು. 'ಮಳೆ ಬಂದ್ರೆ' ಅನ್ನುವುದಕ್ಕೂ 'ಇಫ್ ಇಟ್ ರೇನ್ಸ್', ಅಲ್ಲಿ ವಿಲ್ ಹಾಕಬಾರದು.

ಇನ್ನು ಕೋರ್ಸ್. ನನ್ನ ಕೇಳಿದರೆ ಬೇಡ. 12 ಟೆನ್ಸ್‌ನ ಆ ಚಾರ್ಟ್ ನಾನೂ ರೂಮಿನ ಗೋಡೆಗೆ ಅಂಟಿಸಿದ್ದೆ. ಆಡಿಟ್ ದಿನ ಬೆಳಿಗ್ಗೆಯೂ ಅದನ್ನು ನೋಡಿಕೊಂಡೇ ಹೋಗಿದ್ದೆ. ಇಂಟರ್‌ವ್ಯೂಗೆ ನಿಮಗೆ ಮೊದಲು ಬೇಕಾಗಿರುವುದು ಮೂರೇ. ದಿನಾ ಮಾಡುವುದು, ಮಾಡಿದ್ದು, ಮಾಡ್ತಾ ಇರುವುದು. 'ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ' ಅನ್ನುವ ಉದಾಹರಣೆಯನ್ನು ಇಂಟರ್‌ವ್ಯೂನಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ಮನೆಯ, ನಿಮ್ಮ ಕಾಲೇಜಿನ, ನಿಮ್ಮ ಕೈಯಾರೆ ಮಾಡುವ ಕೆಲಸದ 20 ವಾಕ್ಯ ಕನ್ನಡದಲ್ಲಿ ಬರೆಯಿರಿ. ಪ್ರತಿ ವಾಕ್ಯಕ್ಕೂ 'ದಿನಾ' ಇಟ್ಟು ನೋಡಿ. ಆಮೇಲೆ ಇಂಗ್ಲಿಷ್‌ನಲ್ಲಿ ಬರೆದು, ಗಟ್ಟಿಯಾಗಿ ಓದಿ. ಓದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ವಿಲ್ ಎಷ್ಟು ಬಂತು ಎಣಿಸಿ. ನಾನು ಸುಮಾರು ಮೂರು ತಿಂಗಳು ಹೀಗೆ ಮಾಡಿದೆ, ಕಂಪನಿ ಬಸ್ಸಿನಲ್ಲಿ ಕೂತು ಕಿವಿಗೆ ಇಯರ್‌ಫೋನ್ ಹಾಕಿ ನನ್ನ ದನಿಯನ್ನೇ ಕೇಳುತ್ತಿದ್ದೆ.

2016ರಲ್ಲಿ ಇನ್ನೊಂದು ಆಡಿಟ್ ಬಂತು. ಮೇಡಂ ಒತ್ತಾಯ ಮಾಡಿ ನನ್ನನ್ನೇ ನಿಲ್ಲಿಸಿದರು. ಬೇರೆ ಆಡಿಟರ್, ಅದೇ ಬ್ಯಾಲೆನ್ಸ್, ಹೆಚ್ಚುಕಡಿಮೆ ಅದೇ ಪ್ರಶ್ನೆ. "ಐ ಚೆಕ್ ಇಟ್ ಎವ್ರಿ ಮಾರ್ನಿಂಗ್. ಐ ಚೆಕ್ಡ್ ಇಟ್ ಟುಡೇ ಅಟ್ ನೈನ್ ಫಿಫ್ಟೀನ್" ಅಂದೆ. ಅವರು ಪುಟ ನೋಡಿ, ಪುಸ್ತಕ ಮುಚ್ಚಿ, ಪಕ್ಕದ ಮಷಿನ್ ಹತ್ತಿರ ಹೋದರು. ಮೇಡಂ ಬರೆಯುತ್ತಿದ್ದ ಕೈ ನಿಲ್ಲಿಸಿ ಒಂದು ಸಲ ನನ್ನ ಕಡೆ ನೋಡಿದರು.

ನಿಮ್ಮ ತಂದೆ ವ್ಯವಸಾಯ ಮಾಡುತ್ತಾರೆ ಅಂತ ಬರೆದಿದ್ದೀರಿ. ಇಂಟರ್‌ವ್ಯೂನಲ್ಲಿ ಅದನ್ನು ಖಂಡಿತ ಕೇಳುತ್ತಾರೆ. 'ಮೈ ಫಾದರ್ ವಿಲ್ ಡು ಅಗ್ರಿಕಲ್ಚರ್' ಅನ್ನಬೇಡಿ, 'ಈಸ್ ಡುಯಿಂಗ್' ಕೂಡ ಬೇಡ. ನಮ್ಮಪ್ಪನ ಬಗ್ಗೆ ನಾನು ಹೀಗೆ ಹೇಳುತ್ತೇನೆ: 'ಮೈ ಫಾದರ್ ಈಸ್ ಎ ಫಾರ್ಮರ್. ಹೀ ಗ್ರೋಸ್ ಆನಿಯನ್ಸ್ ಅಂಡ್ ಮೇಜ್.' ನಿಮ್ಮ ತಂದೆ ಏನು ಬೆಳೆಯುತ್ತಾರೆ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾರೆ, ಎಲ್ಲಿ ಮಾರುತ್ತಾರೆ ಅಂತ ಐದು ವಾಕ್ಯ ಬರೆದು ಕೆಳಗೆ ಹಾಕಿ. ರಾತ್ರಿ ಡ್ಯೂಟಿ ಮುಗಿಸಿ ಬಂದು ನೋಡುತ್ತೇನೆ.