ಓದುಗರ ಪ್ರಶ್ನೆಗಳಿಗೆ ಉತ್ತರ: ಅಗ್ಗದ ಸಿಗ್ನಲ್ ಜನರೇಟರನ್ನು ಉತ್ತಮಪಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಪಾಲಿಟೆಕ್ನಿಕ್ ಪ್ರಯೋಗಾಲಯಕ್ಕೆ ಎರಡು ಚಾನೆಲ್‌ಗಳ ಡಿಡಿಎಸ್ (ತರಂಗವನ್ನು ಡಿಜಿಟಲ್ ಲೆಕ್ಕದಿಂದ ರಚಿಸುವ) ಸಿಗ್ನಲ್ ಜನರೇಟರ್ ಒಂದನ್ನು ತರಿಸಿದ್ದೇವೆ. ಅದರ ಪವರ್ ಕಾರ್ಡ್‌ಗೆ ಎರಡೇ ಪಿನ್‌ಗಳಿವೆ. ಔಟ್‌ಪುಟ್ ಬಿಎನ್‌ಸಿ ಕನೆಕ್ಟರಿನ (ಕೇಬಲ್ ಸಿಕ್ಕಿಸುವ ದುಂಡನೆಯ ಜೋಡಣೆ) ಲೋಹದ ಭಾಗವನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ; ಅರ್ಥ್‌ಗೂ ಅದಕ್ಕೂ ನಡುವೆ ಮಲ್ಟಿಮೀಟರ್ ನೂರು ವೋಲ್ಟ್‌ಗಿಂತ ಹೆಚ್ಚು ತೋರಿಸುತ್ತದೆ. ಒಳಗಿನ ಸ್ವಿಚಿಂಗ್ ಸಪ್ಲೈ ತೆಗೆದು ಟ್ರಾನ್ಸ್‌ಫಾರ್ಮರ್ ಹಾಕಿದರೆ ಸರಿಹೋಗುವುದೇ?
– ಉಪನ್ಯಾಸಕರು, ದಾವಣಗೆರೆ

ಉತ್ತರ: ಟ್ರಾನ್ಸ್‌ಫಾರ್ಮರಿನ ಮಾತು ಆಮೇಲೆ, ವಿದ್ಯಾರ್ಥಿಗಳು ಮುಟ್ಟುವ ಉಪಕರಣವಾದ್ದರಿಂದ ಅರ್ಥಿಂಗ್ ಸರಿಪಡಿಸುವವರೆಗೆ ಅದನ್ನು ಬಳಸಬೇಡಿ. ಇಂಥ ಸಪ್ಲೈಗಳಲ್ಲಿ ಸ್ವಿಚಿಂಗ್ ಗದ್ದಲವನ್ನು ತಗ್ಗಿಸಲು ಮೇನ್ಸ್ ಬದಿಯಿಂದ ಔಟ್‌ಪುಟ್ ಬದಿಯ ಗ್ರೌಂಡ್‌ಗೆ ವೈ ದರ್ಜೆಯ (ಮೇನ್ಸ್ ಸುರಕ್ಷತೆಗೆಂದೇ ತಯಾರಾದ) ಸಣ್ಣ ಕೆಪಾಸಿಟರ್‌ಗಳನ್ನು ಹಾಕಿರುತ್ತಾರೆ. ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಮಾನ ಕೆಪಾಸಿಟರ್ ಇದ್ದು, ಅವು ಸೇರುವ ಜಾಗ ಅರ್ಥ್‌ಗೆ ಜೋಡಣೆಯಾಗಿರದಿದ್ದರೆ, ಆ ಜಾಗವು 230 ವೋಲ್ಟ್‌ನ ಅರ್ಧದಲ್ಲಿ, ಅಂದರೆ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತಿರುತ್ತದೆ. ನೀವು ಅಳೆದಿರುವುದು ಬಹುಶಃ ಇದನ್ನೇ. ಕೆಪಾಸಿಟರ್‌ಗಳು ತಲಾ 2.2 ನ್ಯಾನೋಫ್ಯಾರಡ್ ಆಗಿದ್ದರೆ ಹರಿಯಬಲ್ಲ ಕರೆಂಟ್ ಸುಮಾರು 0.16 ಮಿಲಿಆಂಪಿಯರ್. ಅಷ್ಟು ಕರೆಂಟು ಸಾಮಾನ್ಯವಾಗಿ ಮನುಷ್ಯನಿಗೆ ಜುಮ್ಮೆನ್ನಿಸುವಷ್ಟೇ; ಆದರೆ ಬಿಎನ್‌ಸಿಯ ನಡುವಿನ ತಂತಿ ಗ್ರೌಂಡ್‌ಗಿಂತ ಮೊದಲು ಸರ್ಕ್ಯೂಟ್‌ಗೆ ತಾಗಿದರೆ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿನ ಗೇಟ್ ಸುಟ್ಟುಹೋಗಲು ಅದು ಸಾಕು.

ಆದರೂ ಇದು ಬರೀ ಕೆಪಾಸಿಟರ್ ಸೋರಿಕೆಯೋ, ಇನ್ಸುಲೇಶನ್ ಕೆಟ್ಟಿದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು. 100 ಕಿಲೋಓಮ್, 1 ವಾಟ್‌ನ ರೆಸಿಸ್ಟರನ್ನು ಬಿಎನ್‌ಸಿ ಹೊರಮೈಗೂ ಅರ್ಥ್‌ಗೂ ನಡುವೆ ಕ್ಲಿಪ್ ಹಾಕಿ ಜೋಡಿಸಿ, ನಂತರ ಸ್ವಿಚ್ ಒತ್ತಿ, ಕೈ ತಾಗಿಸದೆ ವೋಲ್ಟೇಜ್ ಅಳೆಯಿರಿ. ಮೇಲಿನ ಲೆಕ್ಕದಂತೆ ಅದು 16 ವೋಲ್ಟ್ ಆಸುಪಾಸಿಗೆ ಇಳಿಯಬೇಕು. ಇಳಿಯದೆ ನೂರರ ಮೇಲೆಯೇ ನಿಂತರೆ ಸಪ್ಲೈ ಬೋರ್ಡನ್ನು ಬದಲಿಸದೆ ಬೇರೆ ದಾರಿಯಿಲ್ಲ.

ಪರಿಹಾರ ಸರಳವಾಗಿದೆ. ಹಿಂಬದಿಯ ಎರಡು ಪಿನ್ ಸಾಕೆಟ್ ತೆಗೆದು, ಕಂಪ್ಯೂಟರ್‌ಗಳಲ್ಲಿರುವಂಥ ಮೂರು ಪಿನ್‌ನ ಫ್ಯೂಸ್‌ಸಹಿತ ಸಾಕೆಟ್ ಕೂರಿಸಿ, ಅದರ ಅರ್ಥ್ ಪಿನ್ನಿಂದ ಲೋಹದ ಚಾಸಿಗೂ ಸಪ್ಲೈಯ ಔಟ್‌ಪುಟ್ ಗ್ರೌಂಡ್‌ಗೂ ದಪ್ಪನೆಯ ಹಸಿರು ತಂತಿ ಎಳೆಯಿರಿ. ಗ್ರೌಂಡ್ ಲೂಪ್‌ನ ಹಮ್ ಬರುತ್ತದೆಂದು ಕೆಲವರು ಈ ತಂತಿಯ ನಡುವೆ ಒಂದು ಕಿಲೋಓಮ್ ರೆಸಿಸ್ಟರ್ ಹಾಕುತ್ತಾರೆ. ಸೋರಿಕೆ ವೋಲ್ಟೇಜ್ ಅದರಿಂದಲೂ ಇಳಿಯುತ್ತದೆ ನಿಜ, ಆದರೆ ಒಳಗೆ ಫೇಸ್ ತಂತಿಯೇ ಗ್ರೌಂಡ್‌ಗೆ ತಾಗಿದ ದಿನ ಫ್ಯೂಸ್ ಹೋಗುವ ಬದಲು ಆ ರೆಸಿಸ್ಟರ್ ಸುಟ್ಟು ಅರ್ಥ್ ಕಡಿದುಹೋಗುತ್ತದೆ. ವಿದ್ಯಾರ್ಥಿಗಳ ಮೇಜಿನ ಮೇಲೆ ನೇರ ಜೋಡಣೆಯನ್ನು ಬಿಟ್ಟು ಬೇರೇನನ್ನೂ ನಾನು ಒಪ್ಪುವುದಿಲ್ಲ. ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ ಕಿತ್ತಿಡಿ. ಮೇನ್ಸ್ ಬದಿಯ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್‌ವರೆಗೆ ಚಾರ್ಜ್ ಉಳಿದಿರಬಹುದಾದ್ದರಿಂದ ಅದನ್ನು ಅಳೆದು ನೋಡಿಯೇ ಒಳಗೆ ಕೈ ಹಾಕಿ. ಪ್ರಯೋಗಾಲಯದ ಗೋಡೆಯ ಸಾಕೆಟ್‌ಗಳಲ್ಲಿ ಅರ್ಥ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರೀಷಿಯನ್‌ನಿಂದ ಪರೀಕ್ಷೆ ಮಾಡಿಸುವುದೂ ಇದೇ ಕೆಲಸದ ಭಾಗ.

ಇದಾದ ಮೇಲೆ ಬಿಎನ್‌ಸಿಯ ಹೊರಮೈ ಅರ್ಥ್ ಆಗಿಯೇ ಇರುತ್ತದೆ ಎಂಬುದನ್ನು ಮರೆಯಬಾರದು. ಮೇನ್ಸ್‌ಗೆ ನೇರ ಜೋಡಣೆಯಿರುವ ಸರ್ಕ್ಯೂಟನ್ನು ಪರೀಕ್ಷಿಸುವುದಾದರೆ ಆ ಸರ್ಕ್ಯೂಟಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬಳಸಿ. ಜನರೇಟರ್ ಅಥವಾ ಆಸಿಲೋಸ್ಕೋಪ್‌ನ ಅರ್ಥ್ ಪಿನ್ ಕತ್ತರಿಸುವ ರೂಢಿಯನ್ನು ದಯವಿಟ್ಟು ಯಾರಿಗೂ ಕಲಿಸಬೇಡಿ.

ಇನ್ನು ನೀವು ಕೇಳಿದ ಟ್ರಾನ್ಸ್‌ಫಾರ್ಮರ್, ಅಂದರೆ ಲೀನಿಯರ್ ಸಪ್ಲೈಯ ಬಗ್ಗೆ: ಔಟ್‌ಪುಟ್‌ನಲ್ಲಿ ಸ್ವಿಚಿಂಗ್ ಗದ್ದಲ ಎಷ್ಟಿದೆಯೆಂದು ಮೊದಲು ಸ್ಕೋಪ್‌ನಲ್ಲಿ ನೋಡಿ. 9 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್‌ನಿಂದ 7805 ಎಂಬ 5 ವೋಲ್ಟ್ ರೆಗ್ಯುಲೇಟರಿನ ಮೂಲಕ 1 ಆಂಪಿಯರ್ ತೆಗೆದರೆ ರೆಗ್ಯುಲೇಟರ್ ಒಂದರಲ್ಲೇ ಸುಮಾರು 6 ವಾಟ್ ಶಾಖವಾಗುತ್ತದೆ. ಗಾಳಿಯಾಡದ ಆ ಸಣ್ಣ ಪೆಟ್ಟಿಗೆಗೆ ಅದು ಹೊರೆ. ಅನೇಕ ವೇಳೆ ಸಪ್ಲೈ ಸಾಲುಗಳಲ್ಲಿ ಇಂಡಕ್ಟರ್ ಮತ್ತು ಕೆಪಾಸಿಟರಿನ ಒಂದು ಫಿಲ್ಟರ್ ಸೇರಿಸಿದರೆ ಸಾಕಾಗುತ್ತದೆ.

ಪ್ರಶ್ನೆ: ನನ್ನ ಜನರೇಟರನ್ನು 10 ಮೆಗಾಹರ್ಟ್ಸ್‌ಗೆ ಇಟ್ಟರೆ ಆವರ್ತನ ಅಳೆಯುವ ಕೌಂಟರ್ 180 ಹರ್ಟ್ಸ್ ಹೆಚ್ಚು ತೋರಿಸುತ್ತದೆ. ಒಳಗಿನ 50 ಮೆಗಾಹರ್ಟ್ಸ್ ಆಸಿಲೇಟರ್ ಬದಲು ಟಿಸಿಎಕ್ಸ್‌ಒ (ತಾಪಮಾನ ಬದಲಾದರೂ ಆವರ್ತನ ಕಾಯ್ದುಕೊಳ್ಳುವ ಆಸಿಲೇಟರ್) ಹಾಕಬಹುದೇ?
– ಹವ್ಯಾಸಿ ರೇಡಿಯೋ ನಿರ್ವಾಹಕರು, ಮಂಗಳೂರು

ಉತ್ತರ: ಹಾಕಬಹುದು. ಡಿಡಿಎಸ್‌ನಲ್ಲಿ ಪ್ರತಿಯೊಂದು ಆವರ್ತನವೂ ಅದೇ ಕ್ಲಾಕ್‌ನಿಂದ ಹುಟ್ಟುವುದರಿಂದ ಅದರ ತಪ್ಪು ಎಲ್ಲೆಡೆಗೂ ಅದೇ ಅನುಪಾತದಲ್ಲಿ ಹರಡುತ್ತದೆ. ನಿಮ್ಮದು ದಶಲಕ್ಷಕ್ಕೆ 18ರಷ್ಟು ತಪ್ಪು. 1 ಕಿಲೋಹರ್ಟ್ಸ್‌ನಲ್ಲಿ ಅದು 0.018 ಹರ್ಟ್ಸ್ ಮಾತ್ರ. ಆಡಿಯೋ ಕೆಲಸಕ್ಕೆ ಏನೂ ಮಾಡಬೇಕಾಗಿಲ್ಲ, ರೇಡಿಯೋ ಕೆಲಸಕ್ಕೆ ಮಾಡಬೇಕು. ದಶಲಕ್ಷಕ್ಕೆ 1ರ ಟಿಸಿಎಕ್ಸ್‌ಒ ಹಾಕಿದರೆ 10 ಮೆಗಾಹರ್ಟ್ಸ್‌ನಲ್ಲಿ ತಪ್ಪು 10 ಹರ್ಟ್ಸ್ ಒಳಗೆ ಬರುತ್ತದೆ. ಆದರೆ ಅದಕ್ಕೂ ಮೊದಲು ಕೌಂಟರ್ ಸರಿಯಿದೆಯೇ ಎಂಬುದನ್ನು ಜಿಪಿಎಸ್ ಆಧಾರಿತ 10 ಮೆಗಾಹರ್ಟ್ಸ್ ಮೂಲದೊಂದಿಗೆ ಹೋಲಿಸಿಕೊಳ್ಳಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವಾಗ ಆವರ್ತನವೊಂದನ್ನೇ ನೋಡಬೇಡಿ. ಬಹಳಷ್ಟು ಟಿಸಿಎಕ್ಸ್‌ಒಗಳು 0.8 ವೋಲ್ಟ್‌ನ, ತಲೆ ಕತ್ತರಿಸಿದ ಸೈನ್ ತರಂಗವನ್ನು ಕೊಡುತ್ತವೆ, 3.3 ವೋಲ್ಟ್ ಸಿಮಾಸ್ ಕ್ಲಾಕ್ (ಚೌಕ ಅಲೆಯ ಡಿಜಿಟಲ್ ಸಿಗ್ನಲ್) ಬೇಡುವ ಬೋರ್ಡನ್ನು ಅವು ನೇರವಾಗಿ ನಡೆಸಲಾರವು. ಸಿಮಾಸ್ ಔಟ್‌ಪುಟ್ ಇರುವುದನ್ನೇ ಕೇಳಿ ಪಡೆಯಿರಿ. ಬೆಸುಗೆ ಹಾಕಿದ ನಂತರ ಅದನ್ನು ಸಪ್ಲೈಯ ಬಿಸಿಯಿಂದಲೂ ಫ್ಯಾನ್‌ನ ಗಾಳಿಯಿಂದಲೂ ಮರೆಮಾಡಿ.

ಪ್ರಶ್ನೆ: ಕೆಲವೇ ಮಿಲಿವೋಲ್ಟ್‌ಗಳ ಸೈನ್ ತರಂಗ ಕೇಳಿದರೆ ಅಲೆ ಮೆಟ್ಟಿಲು ಮೆಟ್ಟಿಲಾಗಿ, ಒರಟಾಗಿ ಕಾಣುತ್ತದೆ. ಏನು ಮಾಡಲಿ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಇದಕ್ಕೆ ಪೆಟ್ಟಿಗೆ ತೆರೆಯುವುದೇ ಬೇಡ. ಕೆಲವು ಜನರೇಟರ್‌ಗಳು ಅಲೆಯ ಎತ್ತರವನ್ನು ಲೆಕ್ಕದಲ್ಲೇ ತಗ್ಗಿಸುತ್ತವೆ. 14 ಬಿಟ್‌ಗಳ ಡಿಎಸಿಯಲ್ಲಿರುವ (ಅಂಕೆಯನ್ನು ವೋಲ್ಟೇಜ್ ಆಗಿಸುವ ಭಾಗ) 16,384 ಮೆಟ್ಟಿಲುಗಳ ಪೈಕಿ ಹತ್ತನೆಯ ಒಂದು ಎತ್ತರಕ್ಕೆ ಬಳಕೆಯಾಗುವುದು ಸುಮಾರು 1,638 ಮಾತ್ರ. ಔಟ್‌ಪುಟ್ ಆಂಪ್ಲಿಫೈಯರಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ಜನರೇಟರಿನಲ್ಲಿ ದೊಡ್ಡ ಎತ್ತರ ಇಟ್ಟುಕೊಂಡು ಹೊರಗೆ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ರೆಸಿಸ್ಟರ್ ಜಾಲ) ಹಾಕಿ. 50 ಓಮ್, 20 ಡೆಸಿಬೆಲ್‌ನ ಪೈ ಜಾಲಕ್ಕೆ ನಡುವೆ 249 ಓಮ್, ಎರಡೂ ತುದಿಗಳಿಂದ ಗ್ರೌಂಡ್‌ಗೆ 61.9 ಓಮ್‌ನ ಶೇ. 1ರ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳು ಸಾಕು. ಸಣ್ಣ ಲೋಹದ ಡಬ್ಬಿಯೊಳಗೆ, ಕಾಲುಗಳನ್ನು ಆದಷ್ಟು ಗಿಡ್ಡವಾಗಿ ಕತ್ತರಿಸಿ, ಬಿಎನ್‌ಸಿ ಕನೆಕ್ಟರ್‌ಗಳಿಗೇ ನೇರವಾಗಿ ಬೆಸುಗೆ ಹಾಕಿ. ಆಚೆ ತುದಿಯಲ್ಲಿ 50 ಓಮ್ ಲೋಡ್ ಇದ್ದರೆ ಮಾತ್ರ ವೋಲ್ಟೇಜ್ ಸರಿಯಾಗಿ ಹತ್ತನೆಯ ಒಂದಾಗುತ್ತದೆ. ಲೋಡ್ ಇಲ್ಲದಿದ್ದರೆ ಅದರ ಹೆಚ್ಚುಕಡಿಮೆ ಎರಡು ಪಟ್ಟು ಬರುತ್ತದೆ.