ಅಳುವೇ ಇಲ್ಲದ ಖಿನ್ನತೆಯನ್ನು ಗುರುತಿಸುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: 54 ವರ್ಷದ ನಿಮ್ಮ ತಾಯಿಯವರು ಎರಡು ತಿಂಗಳಿಂದ ಹೊಟ್ಟೆಯುರಿ, ಸುಸ್ತು, ತಲೆಭಾರ ಎನ್ನುತ್ತಿದ್ದಾರೆ. ಎಂಡೋಸ್ಕೋಪಿ, ಇಸಿಜಿ ಎರಡೂ ನಾರ್ಮಲ್ ಬಂದಿವೆ. ವೈದ್ಯರೊಬ್ಬರು ಖಿನ್ನತೆ ಇರಬಹುದು ಎಂದಿದ್ದಾರೆ. ಆದರೆ ತಾಯಿ ಅತ್ತಿದ್ದನ್ನು ಮನೆಯಲ್ಲಿ ಯಾರೂ ಕಂಡಿಲ್ಲವಾದ್ದರಿಂದ ನಿಮಗೆ ನಂಬಿಕೆ ಬಂದಿಲ್ಲ. ನಾನು ರಾಜಾಜಿನಗರದಲ್ಲಿ ಕ್ಲಿನಿಕ್ ನಡೆಸುವ ಸಾಮಾನ್ಯ ವೈದ್ಯ. ಮನೋವೈದ್ಯಶಾಸ್ತ್ರ ನನ್ನ ವಿಶೇಷ ಕ್ಷೇತ್ರವಲ್ಲ. ಆದರೂ ಉತ್ತರಿಸುತ್ತಿದ್ದೇನೆ, ಏಕೆಂದರೆ ನಮ್ಮಲ್ಲಿ ಖಿನ್ನತೆಗೆ ಒಳಗಾದ ಬಹಳಷ್ಟು ಮಂದಿ ಮೊದಲು ಹತ್ತುವುದು ನನ್ನಂಥವರ ಕ್ಲಿನಿಕ್ಕಿನ ಮೆಟ್ಟಿಲನ್ನೇ, ಅದೂ ‘ಗ್ಯಾಸ್ಟ್ರಿಕ್’ ಎಂದು ಹೇಳಿಕೊಂಡು.

ಖಿನ್ನತೆಯನ್ನು ಗುರುತಿಸಲು ಅಳು ಕಡ್ಡಾಯವಲ್ಲ. ವೈದ್ಯರು ನೋಡುವುದು ಒಂಬತ್ತು ಲಕ್ಷಣಗಳನ್ನು: ಮನಸ್ಸು ಕುಗ್ಗಿರುವುದು, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಹಸಿವು ಅಥವಾ ತೂಕದಲ್ಲಿ ಏರುಪೇರು, ನಿದ್ರೆ ಕೆಡುವುದು, ನಡೆನುಡಿ ನಿಧಾನವಾಗುವುದು ಇಲ್ಲವೇ ಒಂದೆಡೆ ಕೂರಲಾಗದ ಚಡಪಡಿಕೆ, ಆಯಾಸ, ತಾನು ನಿಷ್ಪ್ರಯೋಜಕ ಎಂಬ ಭಾವನೆ ಅಥವಾ ಅತಿಯಾದ ಅಪರಾಧಪ್ರಜ್ಞೆ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ ಐದು, ಹೆಚ್ಚುಕಡಿಮೆ ಪ್ರತಿದಿನವೂ, ಎರಡು ವಾರವಾದರೂ ಇರಬೇಕು. ಆ ಐದರಲ್ಲಿ ಮೊದಲೆರಡರ ಪೈಕಿ ಒಂದು ಇರಲೇಬೇಕು. ಅದರಿಂದ ನಿತ್ಯದ ಬದುಕು ಕುಂಟುತ್ತಿರಬೇಕು. ಅಂದರೆ ಮನಸ್ಸಿಗೆ ದುಃಖವೇ ಇಲ್ಲ ಎನ್ನುವವರಿಗೂ ಆಸಕ್ತಿ ಬತ್ತಿಹೋಗಿದ್ದರೆ ಖಿನ್ನತೆ ಇರಬಹುದು. ನಿಮ್ಮ ತಾಯಿಯವರ ವಯಸ್ಸಿನ ಹೆಂಗಸರಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ.

ಇದನ್ನು ಕಂಡುಹಿಡಿಯಲು ‘ನಿಮಗೆ ಬೇಸರವೇ?’ ಎಂದು ಕೇಳಿ ಪ್ರಯೋಜನವಿಲ್ಲ. ‘ಅಂಥದ್ದೇನೂ ಇಲ್ಲ, ಮಕ್ಕಳು ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಾನು ದಿನಚರಿ ಕೇಳುತ್ತೇನೆ. ಒಬ್ಬ ಹೆಂಗಸು ತಿಂಗಳುಗಟ್ಟಲೆ ಆಸಿಡಿಟಿ ಮಾತ್ರೆ ನುಂಗಿ ಬಂದಿದ್ದರು. ಬೆಳಿಗ್ಗೆ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ ಎಂದು ಕೇಳಿದಾಗ, ‘ಮೂರು ಗಂಟೆಗೇ ಎಚ್ಚರ ಆಗ್ಬಿಡುತ್ತೆ ಡಾಕ್ಟ್ರೇ, ಹಾಲಿನವನು ಬರೋವರೆಗೂ ಸೂರು ನೋಡ್ಕೊಂಡು ಬಿದ್ದಿರ್ತೀನಿ’ ಎಂದರು. ಬಾಗಿಲಿಗೆ ರಂಗೋಲಿ ಹಾಕುತ್ತೀರಾ ಎಂದೆ. ಜೊತೆಯಲ್ಲಿದ್ದ ಮಗಳೇ ಉತ್ತರಿಸಿದಳು: ಮೊದಲೆಲ್ಲ ಚುಕ್ಕಿಯಿಟ್ಟು ದೊಡ್ಡದಾಗಿ ಬಿಡಿಸುತ್ತಿದ್ದರು, ಈಗ ನೀರು ಚಿಮುಕಿಸಿ ಎರಡು ಗೆರೆ ಎಳೆದು ಒಳಗೆ ಬಂದುಬಿಡುತ್ತಾರೆ. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಭಜನೆಗೆ ಹೋಗುವುದು ನಿಂತಿತ್ತು, ಸೀರೆಗೆ ಫಾಲ್ಸ್ ಹೊಲಿಯುವ ಕೆಲಸ ಅರ್ಧಕ್ಕೆ ಉಳಿದಿತ್ತು. ಬೆಳಗಿನ ಜಾವಕ್ಕೇ ಎಚ್ಚರವಾಗಿ ಮತ್ತೆ ನಿದ್ರೆ ಹತ್ತದಿರುವುದು ಖಿನ್ನತೆಯ ಒಂದು ಮುಖ್ಯ ಗುರುತು. ಉಳಿದವೆಲ್ಲ ಆಸಕ್ತಿ ಮತ್ತು ಗಮನ ಕುಂದಿದ್ದರ ಗುರುತು. ಆದ್ದರಿಂದ ನಿಮ್ಮ ತಾಯಿಯವರನ್ನು ಪಕ್ಕದ ಮನೆಯವರೊಂದಿಗೆ ಹೋಲಿಸಬೇಡಿ, ಆರು ತಿಂಗಳ ಹಿಂದಿನ ಅವರೊಂದಿಗೇ ಹೋಲಿಸಿ ನೋಡಿ.

ಇನ್ನೊಂದು ಸಂಗತಿ ಮನೆಯವರನ್ನು ಬಹಳ ದಾರಿ ತಪ್ಪಿಸುತ್ತದೆ. ಖಿನ್ನತೆಯುಳ್ಳ ಹಲವರಿಗೆ ಬೆಳಗಿನ ಹೊತ್ತು ಅತ್ಯಂತ ಕಷ್ಟದ್ದಾಗಿದ್ದು, ಸಂಜೆಯ ಹೊತ್ತಿಗೆ ಸ್ವಲ್ಪ ಹಗುರವೆನಿಸುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳಲಾರದವರು ಸಂಜೆ ನೆಂಟರು ಬಂದಾಗ ಕಾಫಿ ಮಾಡಿಕೊಟ್ಟು ನಾಲ್ಕು ಮಾತಾಡಿದರೆ, ‘ನೋಡಿ, ಕೆಲಸ ಅಂದ್ರೆ ಮಾತ್ರ ಸುಸ್ತು’ ಎಂದು ಮನೆಯವರೇ ಆಡಿಕೊಳ್ಳುತ್ತಾರೆ. ದಯವಿಟ್ಟು ಇದನ್ನು ನಾಟಕ ಎನ್ನಬೇಡಿ.

ನೋವು, ಹೊಟ್ಟೆಯುರಿಗಳೂ ಸುಳ್ಳಲ್ಲ. ಖಿನ್ನತೆಯಲ್ಲಿ ಅವು ನಿಜವಾಗಿಯೇ ಆಗುತ್ತವೆ. ಹಾಗೆಂದು ಎಲ್ಲವನ್ನೂ ಮನಸ್ಸಿನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಥೈರಾಯ್ಡ್ ಗ್ರಂಥಿ ಮಂದವಾದರೆ, ರಕ್ತಹೀನತೆಯಿದ್ದರೆ, ವಿಟಮಿನ್ ಬಿ12 ಕಡಿಮೆಯಾದರೆ (ಸಸ್ಯಾಹಾರಿಗಳ ಮನೆಗಳಲ್ಲಿ ಇದು ಅಪರೂಪವೇನಲ್ಲ) ಖಿನ್ನತೆಯಂತೆಯೇ ಕಾಣುವ ಲಕ್ಷಣಗಳು ಬರುತ್ತವೆ. ಸ್ಟೀರಾಯ್ಡ್ ಔಷಧಿಗಳೂ ಮನಸ್ಸನ್ನು ಕುಗ್ಗಿಸಬಲ್ಲವು. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12, ಸಕ್ಕರೆ, ಇಷ್ಟನ್ನು ಒಮ್ಮೆ ಪರೀಕ್ಷಿಸಿ ಅಲ್ಲಿಗೆ ನಿಲ್ಲಿಸಿ. ನಾಲ್ಕನೇ ಸ್ಕ್ಯಾನ್‌ಗೆ ಓಡಬೇಡಿ.

‘ಅವರಿಗೇನು ಕಡಿಮೆಯಾಗಿದೆ, ಸ್ವಂತ ಮನೆಯಿದೆ, ಮಗ ಕೆಲಸದಲ್ಲಿದ್ದಾನೆ’ ಎಂದೂ ಬರೆದಿದ್ದೀರಿ. ಖಿನ್ನತೆಗೆ ಕಾರಣವಿರಲೇಬೇಕೆಂದಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20ರಲ್ಲಿ ಒಬ್ಬರು ಜೀವನದ ಯಾವುದಾದರೊಂದು ಹಂತದಲ್ಲಿ ಖಿನ್ನತೆಯನ್ನು ಅನುಭವಿಸಿರುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು, ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಅಪಾಯ ಇನ್ನಷ್ಟು ಏರುತ್ತದೆ. ಹತ್ತಿರದವರು ತೀರಿಕೊಂಡ ದುಃಖವಾದರೆ ಅಲೆಅಲೆಯಾಗಿ ಬಂದು ಹೋಗುತ್ತದೆ, ನಡುವೆ ಮೊಮ್ಮಗುವಿನ ಆಟಕ್ಕೆ ನಗುವೂ ಬರುತ್ತದೆ. ಖಿನ್ನತೆಯಲ್ಲಿ ಆ ಬಿಡುವು ಸಿಗುವುದು ಕಷ್ಟ, ಜೊತೆಗೆ ‘ನನ್ನಿಂದ ನಿಮಗೆಲ್ಲ ತೊಂದರೆ’ ಎಂಬ ಮಾತು ಪದೇ ಪದೇ ಬರುತ್ತದೆ.

ಆ ಮಾತನ್ನು ಕೇಳಿದ್ದೀರಾದರೆ ಅಲ್ಲಿಗೇ ಬಿಡಬೇಡಿ. ‘ಅಮ್ಮಾ, ಬದುಕೇ ಬೇಡ ಅಂತ ಯಾವಾಗಲಾದ್ರೂ ಅನ್ನಿಸಿದೆಯಾ?’ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೇಳಿಸಿಕೊಳ್ಳುವವರು ಸಿಕ್ಕರು ಎಂದು ಹೆಚ್ಚಿನವರಿಗೆ ನಿರಾಳವೇ ಆಗುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಷ್ಟು ತುರ್ತಿಲ್ಲದಿದ್ದರೆ, ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಅಲ್ಲಿಯ ಜನಜಂಗುಳಿಗೆ ತಾಯಿ ಅಂಜುವುದಾದರೆ ಯಾವುದೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೂ ಹೋಗಬಹುದು. ‘ನಿದ್ರೆ ಸರಿಮಾಡುವ ಡಾಕ್ಟರು’ ಎಂದು ಕರೆದೊಯ್ದರೂ ನನ್ನ ಆಕ್ಷೇಪವಿಲ್ಲ, ನಿದ್ರೆ ಕೆಟ್ಟಿರುವುದು ನಿಜವೇ ತಾನೇ. ಮಾತ್ರೆ ಬರೆದುಕೊಟ್ಟರೆ ಅದರ ಗುಣ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡಬಾರದು, ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ. ಅಲ್ಲಿಯವರೆಗೆ ಮೆಡಿಕಲ್ ಸ್ಟೋರ್‌ನಿಂದ ನಿದ್ರೆಮಾತ್ರೆ ತಂದುಕೊಡುವ ಕೆಲಸ ಬೇಡ.

ಹೋಗುವಾಗ ತಾಯಿಯವರೊಂದಿಗೆ ಒಂದೇ ಮನೆಯಲ್ಲಿರುವವರೇ ಹೋಗಿ, ಹಳೆಯ ರಿಪೋರ್ಟುಗಳನ್ನೆಲ್ಲ ಒಯ್ಯಿರಿ. ಹಿಂದೆಂದಾದರೂ ಅವರು ವಾರಗಟ್ಟಲೆ ನಿದ್ರೆಯೇ ಬೇಡವೆಂಬಂತೆ ಅತಿ ಉತ್ಸಾಹದಲ್ಲಿದ್ದರೇ, ಎಡೆಬಿಡದೆ ಮಾತಾಡಿ ಸಿಕ್ಕಾಪಟ್ಟೆ ಹಣ ಖರ್ಚು ಮಾಡಿದ್ದರೇ ಎಂಬುದನ್ನು ನೆನಪಿಸಿಕೊಂಡು ವೈದ್ಯರು ಕೇಳದಿದ್ದರೂ ತಿಳಿಸಿ. ಹಾಗಿದ್ದರೆ ಅದು ಬೈಪೋಲಾರ್ ಕಾಯಿಲೆಯಾಗಿರುವ ಸಾಧ್ಯತೆಯಿದೆ, ಅದಕ್ಕೆ ಕೊಡುವ ಔಷಧಿಯೇ ಬೇರೆ.