ಓದುಗರ ಪ್ರಶ್ನೆ: ಕ್ಲೇರ್ ಮಾಡಿದ್ದು ದ್ರೋಹನಾ?

ಪ್ರಶ್ನೆ: ಮೇಡಂ, ಅಮೆರಿಕದ ಲೇಖಕಿ ನೆಲ್ಲಾ ಲಾರ್ಸನ್ 1929ರಲ್ಲಿ ಬರೆದ ‘ಪಾಸಿಂಗ್’ ಕಾದಂಬರಿನ ನಮ್ಮ ಗೆಳೆಯರ ಗುಂಪಲ್ಲಿ ಓದಿದ್ವಿ. ಕರಿಯರ ಮನೇಲಿ ಹುಟ್ಟಿದ ಕ್ಲೇರ್, ಮೈಬಣ್ಣ ತಿಳಿ ಇರೋದ್ರಿಂದ ಬಿಳಿ ಹೆಂಗಸು ಅನ್ನಿಸ್ಕೊಂಡು, ಕರಿಯರನ್ನ ಕಂಡ್ರಾಗದ ಬಿಳಿಯನನ್ನೇ ಮದ್ವೆ ಆಗ್ತಾಳೆ. ಗುಂಪಲ್ಲಿ ಅರ್ಧ ಜನ ಅವಳು ತನ್ನವರಿಗೆ ದ್ರೋಹ ಮಾಡಿದ್ಲು, ಅದು ಅವಳದ್ದೇ ಆಯ್ಕೆ ಅಂದ್ರು. ನಂಗೆ ಒಪ್ಪಿಗೆ ಆಗ್ಲಿಲ್ಲ, ಆದ್ರೆ ಉತ್ತರ ಕೊಡೋಕೂ ಬರ್ಲಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಗೆಳೆಯರಿಗೆ ಒಂದು ವಿಷಯ ನೆನಪು ಮಾಡಿ. ಅಪ್ಪ ಸತ್ತ ಮೇಲೆ ಕ್ಲೇರ್‌ನ ಸಾಕಿದ್ದು ಅವಳ ಬಿಳಿ ಅಜ್ಜನ ಅಕ್ಕತಂಗಿಯರು, ಸಾಕಿದ್ದು ಅಂದ್ರೆ ಮನೆಗೆಲಸ ಮಾಡಿಸ್ಕೊಂಡು ಇಟ್ಕೊಂಡಿದ್ದು, ಮತ್ತೆ ಅಕ್ಕಪಕ್ಕದವರ ಹತ್ರ ಕರಿಯರ ಸುದ್ದಿ ಎತ್ತಬಾರ್ದು ಅಂತ ಮೊದಲು ಬಾಯಿ ಮುಚ್ಚಿಸಿದ್ದೂ ಅವರೇ. ಅಂದ್ರೆ ಅವಳು ಬಿಳಿಯವಳಾಗಿ ಚಲಾವಣೆ ಆಗೋದು (ಅದೇ ‘ಪಾಸಿಂಗ್’) ಕಲಿತಿದ್ದು ಬೇರೆಯವರ ಮಾನ ಉಳಿಸೋಕೆ. ಆಮೇಲೆ ಅದನ್ನೇ ತನ್ನ ಬದುಕಿಗೆ ಬಳಸ್ಕೊಂಡ್ಲು, ಅದು ನಿಜ, ಆದ್ರೆ ದಾರಿ ಹಾಕಿದವರು ಯಾರು ಅನ್ನೋದನ್ನ ಬಿಟ್ಟು ಬರೀ ಅವಳನ್ನ ಹಿಡ್ಕೊಂಡು ಕೇಳಿದ್ರೆ ಹೇಗೆ?

ಇನ್ನೊಂದು, ಆಯ್ಕೆ ಅಂದ್ರೆ ಒಂದ್ಸಲ ಮಾಡಿ ಮುಗಿಯೋದು ಅನ್ಕೋತೀವಿ ನಾವು. ಕ್ಲೇರ್‌ಗೆ ಅದು ದಿನಾ ಇದೆ. ಮಗಳು ಹುಟ್ಟೋ ಮುಂಚೆ ಒಂಬತ್ತು ತಿಂಗಳೂ ಮಗು ಕಪ್ಪಾಗಿ ಹುಟ್ಟಿಬಿಟ್ರೆ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ ಅಂತಾಳೆ. ಗಂಡ ಏನೂ ತಿಳೀದೆ, ಕರಿಯರನ್ನ ಬೈಯೋ ಪದದ ತುಂಡನ್ನೇ ಅವಳಿಗೆ ಮುದ್ದಿನ ಹೆಸರು ಇಟ್ಟಿದಾನೆ, ಆ ಹೆಸರಿಗೆ ಅವಳು ನಗುನಗ್ತಾ ಓಗೊಡ್ಬೇಕು. ಟೀಗೆ ಬಂದ ಗೆಳತಿಯರೂ ಬಿಳಿಯರ ಹಾಗೆ ಕಾಣೋ ಕರಿಯರೇ, ಅವನ ಮಾತು ಕೇಳಿ ಅವರಲ್ಲೊಬ್ಬಳು, ಕ್ಲೇರ್‌ನ ಬಾಲ್ಯದ ಗೆಳತಿ ಐರೀನ್, ನಗೋಕೆ ಶುರು ಮಾಡ್ತಾಳೆ, ನಗು ನಿಲ್ಲಿಸೋಕೇ ಆಗಲ್ಲ. ಆ ಪುಟ ಎಷ್ಟು ಸಲ ಓದಿದ್ರೂ ನಂಗೆ ಹೊಟ್ಟೆ ತೊಳಸುತ್ತೆ.

ಐರೀನ್ ವಿಷ್ಯಕ್ಕೇ ಬರ್ತೀನಿ, ಯಾಕಂದ್ರೆ ನನ್ನ ಪ್ರಕಾರ ಇದು ಅವಳದ್ದೇ ಕಥೆ. ಕ್ಲೇರ್ ಮಾಡಿದ್ದು ತಪ್ಪು ಅನ್ನೋ ಐರೀನ್ ಇಷ್ಟು ವರ್ಷದ ಮೇಲೆ ಅವಳಿಗೆ ಸಿಕ್ಕಿದ್ದೆಲ್ಲಿ? ಶಿಕಾಗೋದ ಡ್ರೇಟನ್ ಹೋಟೆಲ್ ಮಹಡಿ ಮೇಲೆ, ಬಿಳಿಯರಿಗೆ ಮಾತ್ರ ಅನ್ನೋ ಜಾಗದಲ್ಲಿ, ಬಿಸಿಲಿಗೆ ಸುಸ್ತಾಗಿ ಟೀ ಕುಡೀತಾ. ಯಾರೋ ತನ್ನನ್ನೇ ದಿಟ್ಟಿಸಿ ನೋಡ್ತಿದ್ದಾರೆ, ಗೊತ್ತಾಗೋಯ್ತೇನೋ ಅಂತ ಹೆದರಿದ್ಲಲ್ಲ, ಆ ನೋಟ ಕ್ಲೇರ್‌ದು. ಒಬ್ಬಳು ಒಂದು ಕಪ್ ಟೀಗೆ ಗೆರೆ ದಾಟಿದ್ಲು, ಇನ್ನೊಬ್ಬಳು ಜೀವಮಾನಕ್ಕೆ.

ಆ ಗೆರೆ ಎಂಥದ್ದು ಅಂತಾನೂ ಗೊತ್ತಿರ್ಲಿ. 1892ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಮರ್ ಪ್ಲೆಸಿ ಬಿಳಿಯರ ರೈಲು ಡಬ್ಬಿ ಹತ್ತಿದ. ಎಂಟರಲ್ಲಿ ಏಳು ಪಾಲು ಬಿಳಿ ವಂಶ, ಸುಮ್ನೆ ಕೂತಿದ್ರೆ ಯಾರಿಗೂ ತಿಳೀತಿರ್ಲಿಲ್ಲ. ಬಿಳಿಯರು, ಕರಿಯರು ಬೇರೆಬೇರೆ ಡಬ್ಬೀಲಿ ಕೂರ್ಬೇಕು ಅನ್ನೋ ಕಾನೂನನ್ನ ಕೋರ್ಟಿಗೆ ಎಳೀಬೇಕು ಅಂತ ಬೇಕಂತಲೇ ತಾನು ಕರಿಯ ಅಂದು ಅರೆಸ್ಟ್ ಆದ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇರೆಬೇರೆ ಕೂರಿಸೋದೇ ಸರಿ ಅಂತು. 1924ರ ವರ್ಜೀನಿಯಾ ಕಾನೂನಿನಲ್ಲಂತೂ ಕರಿಯರ ರಕ್ತ ಕಿಂಚಿತ್ ಇದ್ರೂ ಬಿಳಿಯರನ್ನ ಮದ್ವೆ ಆಗೋ ಹಾಗಿರ್ಲಿಲ್ಲ. ಪ್ಲೆಸಿ ಹಿಂದೆ ಒಂದು ಸಮಿತಿ ಇತ್ತು, ವಕೀಲರಿದ್ರು. ಕ್ಲೇರ್ ಹಿಂದೆ ಯಾರಿದ್ರು ಹೇಳಿ.

ಅಷ್ಟೆಲ್ಲಾ ಸಿಕ್ಕ ಮೇಲೂ ಕ್ಲೇರ್ ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್‌ಗೆ ಮತ್ತೆಮತ್ತೆ ಬರ್ತಾಳೆ. ತನ್ನ ಜನರ ಜೊತೆ ಮಾತಾಡ್ಬೇಕು, ಅವರು ನಗೋದು ಕೇಳ್ಬೇಕು ಅಂತ ಅಂಗಲಾಚ್ತಾಳೆ. ದ್ರೋಹ ಮಾಡಿದವಳು ಹಾಗೆ ಬರ್ತಾಳಾ? ಗುಂಪಲ್ಲಿ ಇದನ್ನ ಕೇಳಿ ನೋಡಿ.

ಪ್ರಶ್ನೆ: ಕೊನೇಲಿ ಕ್ಲೇರ್ ಕಿಟಕಿಯಿಂದ ಬಿದ್ದಳಾ, ಐರೀನ್ ತಳ್ಳಿದ್ಲಾ?
– ಓದುಗರು, ಹುಬ್ಬಳ್ಳಿ

ಉತ್ತರ: ಲಾರ್ಸನ್ ಹೇಳಲ್ಲ. ಕ್ಲೇರ್ ಗಂಡ ನುಗ್ಗಿ ಬರ್ತಾನೆ, ಐರೀನ್ ಓಡಿಹೋಗಿ ಕ್ಲೇರ್ ತೋಳಿನ ಮೇಲೆ ಕೈ ಇಡ್ತಾಳೆ, ಆಮೇಲೆ ಕ್ಲೇರ್ ಇಲ್ಲ. ಐರೀನ್‌ಗೆ ತನ್ನ ಗಂಡನಿಗೂ ಕ್ಲೇರ್‌ಗೂ ಸಂಬಂಧ ಇದೆ ಅನ್ನೋ ಸಂಶಯ ಇತ್ತು, ಹಾಗಾಗಿ ತಳ್ಳಿದ್ಲು ಅಂತಲೇ ನಾನು ಓದ್ಕೋತೀನಿ.

ಪ್ರಶ್ನೆ: ಮೇಡಂ, ಬಾಡಿಗೆ ಮನೆಗೋಸ್ಕರ ಓನರ್ ಹತ್ರ ಬೇರೆ ಜಾತಿ ಹೇಳಿದೀನಿ. ಊರಿಂದ ಅಮ್ಮ ಬಂದಾಗ ಅವರ ಎದುರು ಮಾತಾಡೋಕೇ ಬಿಡಲ್ಲ. ಇದೂ ಆ ಥರದ್ದೇನಾ? ನಾಚಿಕೆ ಆಗುತ್ತೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಬಣ್ಣ ಮೈಮೇಲೆ ಕಾಣುತ್ತೆ, ಜಾತಿನ ಹೆಸರಲ್ಲಿ, ಊಟದಲ್ಲಿ, ಮಾತಿನ ಧಾಟಿಯಲ್ಲಿ ಹುಡುಕ್ತಾರೆ, ಹಾಗಾಗಿ ಎರಡೂ ಒಂದೇ ಅಲ್ಲ. ಆದ್ರೆ ಭಯ ಒಂದೇ ಜಾತಿಯದ್ದು. ಅಂಬೇಡ್ಕರ್ ಅವರು ವಿದೇಶದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಇರೋಕೆ ಜಾಗ ಸಿಗದೆ ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳ್ಕೊಂಡಿದ್ರು. ಹನ್ನೊಂದನೇ ದಿನ ಕೋಲು ಹಿಡ್ಕೊಂಡು ಬಂದವರು ಸಂಜೆಯೊಳಗೆ ಖಾಲಿ ಮಾಡು ಅಂದ್ರು. ಅವರೇ ಬರೆದಿಟ್ಟಿರೋ ಅನುಭವ ಅದು.

ನಾಚಿಕೆ ಪಡ್ಬೇಕಾಗಿರೋದು ಜಾತಿ ಕೇಳಿದ ಓನರ್, ನೀವಲ್ಲ. ನಂಗೆ ಚಿಂತೆ ಇರೋದು ನಿಮ್ಮ ಅಮ್ಮನ ಬಗ್ಗೆ. ಮಗಳು ಯಾಕೆ ಬಾಯಿ ಮುಚ್ಚಿಸ್ತಾಳೆ ಅಂತ ಅವರಿಗೆ ಗೊತ್ತಾ ಅಂತ ನೀವು ಬರ್ದಿಲ್ಲ. ಗೊತ್ತಿಲ್ಲ ಅಂದ್ರೆ ಈ ಸಲ ಬಂದಾಗ ಬಾಗಿಲು ಹಾಕ್ಕೊಂಡು ಕೂತು ಎಲ್ಲಾ ಹೇಳ್ಬಿಡಿ, ಮುಂದಿನ ಮನೆ ಇಬ್ರೂ ಸೇರಿ ಹುಡುಕಿ.